ಕೆರೆಯ ಕಿರ್ದಿ ಪುಸ್ತಕ ಕೆಸರಿನಲ್ಲಿದೆ!

ಹೂಳು ಎತ್ತುವ ಮುಂಚೆ ಒಂದು ಕೊಳವೆ ಮಣ್ಣು ಎತ್ತಿಡಿ

ಬೆಂಗಳೂರು: ಸಿಟಿ ಮಾರ್ಕೆಟ್ಟಿನಲ್ಲಿ ಊರು ಏಳುವ ಮುಂಚೆಯೇ ಸೇವಂತಿಗೆ ಮೂಟೆ ಇಳಿಯುತ್ತದೆ. ಸೂರ್ಯ ಮೇಲೆ ಬರುವಷ್ಟರಲ್ಲಿ ಸೊಪ್ಪು, ತರಕಾರಿ, ಬಾಳೆಎಲೆ ಎಲ್ಲ ಕೈ ಬದಲಾಯಿಸಿರುತ್ತದೆ. ಸಂಜೆ ಉಳಿಯುವುದು ಬಾಡಿದ ಹೂವು, ಕೊಳೆತ ಕೊತ್ತಂಬರಿ, ಒಡೆದ ಟೊಮೆಟೊ. ಮೇಲ್ಸೇತುವೆ ಕೆಳಗೆ ಬಸ್ಸಿಗೆ ಕಾಯುವವರ ಕಾಲಡಿ ಅದೇ ಕೆಸರು.

ಮಳೆ ಬಿದ್ದರೆ ಕೆಸರು ಚರಂಡಿಗೆ. ಚರಂಡಿಯಿಂದ ರಾಜಕಾಲುವೆಗೆ. ರಾಜಕಾಲುವೆಯಿಂದ ಕೆರೆಗೆ. ಅಲ್ಲಿಗೆ ಕತೆ ಮುಗಿಯಿತು, ಕೈ ತೊಳೆದುಕೊಂಡೆವು ಅಂತ ಊರೆಲ್ಲ ಅಂದುಕೊಂಡಿದೆ.

ಕತೆ ಮುಗಿದಿರುವುದಿಲ್ಲ ಸ್ವಾಮಿ. ಕೆರೆ ತಳದ ಹೂಳು ಶೆಟ್ಟರ ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ. ಯಾವ ಕಾಲದಲ್ಲಿ ಎಷ್ಟು ಕೊಳಕು ಬಂತು, ಕೆರೆ ಯಾವಾಗ ಕೆಟ್ಟಿತು, ಯಾವಾಗ ಸ್ವಲ್ಪ ಚೇತರಿಸಿತು, ಎಲ್ಲ ಅದರಲ್ಲಿ ಜಮಾ ಆಗಿರುತ್ತದೆ. ಓದಲು ಬರಬೇಕು, ಅಷ್ಟೆ. ಓದುವ ಅಕ್ಷರ ಯಾವುದು ಅಂದರೆ, ಇದ್ದಿಲಿನಲ್ಲಿರುವ ಇಂಗಾಲ. ಅಂದರೆ ಕಾರ್ಬನ್!

ಕೆರೆಯಂಗಳದ ಮಾರ್ಕೆಟ್

ಈ ಮಾತನ್ನು ಕೃಷ್ಣರಾಜ ಮಾರುಕಟ್ಟೆಯಿಂದಲೇ ಶುರು ಮಾಡಲು ಕಾರಣವಿದೆ. 1928ರಲ್ಲಿ ಇಲ್ಲಿ ಮಾರುಕಟ್ಟೆ ಕಟ್ಟುವ ಮುಂಚೆ ಈ ಜಾಗದಲ್ಲಿದ್ದದ್ದು ಸಿದ್ದಿಕಟ್ಟೆ ಎಂಬ ನೀರಿನ ಕಟ್ಟೆ. ಈಗ ಹೂವಿನ ವ್ಯಾಪಾರಕ್ಕೆ ಬರುವ ಎಷ್ಟೋ ಮಂದಿಗೆ ಆ ಹೆಸರೇ ಗೊತ್ತಿಲ್ಲ.

ಇದೊಂದೇ ಅಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿಯುವವರು ಕಾಲಿಡುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕರಗದ ನೆಪದಲ್ಲಿ ಒಂದು ಸಣ್ಣ ಕಲ್ಯಾಣಿಯಷ್ಟು ಜಾಗ ಅಲ್ಲಿ ಉಳಿದುಕೊಂಡಿದೆ. ಚಾಮರಾಜಪೇಟೆ ಪಕ್ಕ ಗವೀಪುರದ ಕೆಂಪಾಂಬುಧಿ ಮಾತ್ರ ಕೆಂಪೇಗೌಡರ ಕಾಲದಿಂದ ಇಂದಿನವರೆಗೂ ಕೆರೆಯಾಗಿಯೇ ಉಸಿರಾಡುತ್ತಿದೆ. ಏರಿ ಹತ್ತಿರದ ಗೋಪುರವೂ ನಿಂತಿದೆ. ಆದರೆ ಅದೂ ಕೊಳಚೆ ಕುಡಿದು ಸುಸ್ತಾದ ಕೆರೆಯೇ.

ಕೆರೆಗಳ ಗ್ರಹಚಾರ ಕೆಟ್ಟದ್ದು ಯಾವಾಗ? ನಲ್ಲಿ ಬಂದಾಗ. 1896ರಲ್ಲಿ ಹೆಸರಘಟ್ಟದಿಂದ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂತು. 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯೇ ಹತ್ತಿ ಬಂದಳು. ಕುಡಿಯುವ ನೀರಿಗೆ ಊರ ಕೆರೆ ಬೇಡವಾಯಿತು. ಬೇಡವಾದ ಕೆರೆ ಒಂದೋ ಸೈಟಾಯಿತು, ಇಲ್ಲವೇ ಚರಂಡಿಯಾಯಿತು.

ಇನ್ನೊಂದು ಲೆಕ್ಕ ಯಾರೂ ಹಾಕಲಿಲ್ಲ. ಮನೆಗೆ ಬಂದ ನೀರಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕೊಳಚೆಯಾಗಿ ಹೊರಗೆ ಹೋಗಲೇಬೇಕು. ಕಾವೇರಿ ಒಳಗೆ ಬಂದಷ್ಟೂ ಕೊಳಚೆ ಹೊರಗೆ ಹರಿಯಿತು. ಮೆಜೆಸ್ಟಿಕ್ ಕಡೆಯಿಂದ ಹೊರಡುವ ರಾಜಕಾಲುವೆ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಬೆಳ್ಳಂದೂರಿನ ಕೋಡಿ ವರ್ತೂರು ಕೆರೆಗೆ. ಪೇಟೆಯವರು ಉಂಡು ತೊಳೆದದ್ದನ್ನೆಲ್ಲ ಹಳ್ಳಿಯ ಕೆರೆ ಹೊಟ್ಟೆಗೆ ಹಾಕಿಕೊಂಡಿತು.

ಕೆರೆಗೂ ಅಜೀರ್ಣ!

ಕೊಳಚೆ ಅಂದರೆ ವಿಷ ಅಂತಲೇ ಜನ ತಿಳಿದಿದ್ದಾರೆ. ಕೆರೆಯ ಮಟ್ಟಿಗೆ ಅರ್ಧ ಮಾತು ಅದು. ಇನ್ನರ್ಧ ಏನೆಂದರೆ, ಕೊಳಚೆ ಅಂದರೆ ಗೊಬ್ಬರ! ಅದರಲ್ಲಿ ಸಾರಜನಕ ಇದೆ, ರಂಜಕ ಇದೆ. ಹೊಲಕ್ಕೆ ಮೂಟೆಗಟ್ಟಲೆ ದುಡ್ಡು ಕೊಟ್ಟು ಹಾಕುವ ಅದೇ ಪೋಷಕಾಂಶಗಳು. ಮಲಮೂತ್ರದಲ್ಲಿ ಬರುತ್ತವೆ, ಕೊಳೆತ ತರಕಾರಿಯಲ್ಲಿ ಬರುತ್ತವೆ, ಫಾಸ್ಫೇಟ್ ಬೆರೆಸಿದ ಬಟ್ಟೆ ಸೋಪಿನ ಪುಡಿಯಲ್ಲೂ ಬರುತ್ತವೆ.

ಹೊಲದಲ್ಲಿ ಗೊಬ್ಬರಕ್ಕೆ ಪೈರು ಏಳುತ್ತದೆ. ಕೆರೆಯಲ್ಲಿ ಪಾಚಿ ಏಳುತ್ತದೆ. ಒಂದೇ ಒಂದು ಗ್ರಾಂ ರಂಜಕ ಸಿಕ್ಕರೆ ನೂರು ಗ್ರಾಂನಷ್ಟು ಒಣ ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೀನು ಉಸಿರುಗಟ್ಟಿ ತೇಲುತ್ತದೆ. ಹೆಚ್ಚು ತಿಂದವನಿಗೆ ಅಜೀರ್ಣವಾದ ಹಾಗೆ.

ಇದು ಬರೀ ಊಹೆಯಲ್ಲ. 1973ರಲ್ಲಿ ಕೆನಡಾದ 226ನೇ ನಂಬರಿನ ಕೆರೆಗೆ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ ಮಧ್ಯೆ ಪರದೆ ಹಾಕಿತು. ಎರಡೂ ಕಡೆ ಇಂಗಾಲ, ಸಾರಜನಕ ಸುರಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಹಚ್ಚಹಸುರಾಯಿತು, ಇನ್ನರ್ಧ ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಫೋಟೋ ನೋಡಿದ ಮೇಲೆ ವಾದ ಮಾಡುವವರ ಬಾಯಿ ಬಹುಮಟ್ಟಿಗೆ ಮುಚ್ಚಿತು.

ಟೊಮೆಟೊ ರಾಶಿಯ ಲೆಕ್ಕ

ಈಗ ಇಂಗಾಲದ ವಿಷಯಕ್ಕೆ ಬರೋಣ. ಇಂಗಾಲದಲ್ಲಿ ಹಗುರದ್ದು, ಭಾರದ್ದು ಅಂತ ಎರಡು ಬಗೆ. ನೂರಕ್ಕೆ ಸುಮಾರು 99 ಪಾಲು ಹಗುರದ್ದು. ಅದು ಕಾರ್ಬನ್-12. ಉಳಿದ ಒಂದು ಪಾಲು ಒಂದು ಗುಂಜಿ ಹೆಚ್ಚು ತೂಗುವ ಕಾರ್ಬನ್-13. ಗುಣ ಒಂದೇ, ತೂಕ ಮಾತ್ರ ಬೇರೆ. ಇಂಥ ಅಣ್ಣತಮ್ಮಂದಿರಿಗೆ ಸಮಸ್ಥಾನಿಗಳು ಎಂದು ಹೆಸರು. ಎರಡರಲ್ಲೂ ವಿಷವಿಲ್ಲ, ವಿಕಿರಣವೂ ಇಲ್ಲ.

ಪಾಚಿ ಬೆಳೆಯುವುದು ನೀರಿನಲ್ಲಿ ಕರಗಿದ ಇಂಗಾಲವನ್ನು ತಿಂದು. ಅದಕ್ಕೆ ಹಗುರದ್ದೇ ಇಷ್ಟ, ಕಷ್ಟವಿಲ್ಲದೆ ಅರಗುತ್ತದೆ. ಭಾರದ್ದನ್ನು ಆದಷ್ಟು ಪಕ್ಕಕ್ಕೆ ಸರಿಸುತ್ತದೆ.

ಮಾರ್ಕೆಟ್ಟಿನ ಟೊಮೆಟೊ ರಾಶಿ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ರಾಶಿ ಎತ್ತರ, ಗಿರಾಕಿ ನಾಲ್ಕು ಮಂದಿ. ಒಂದೊಂದನ್ನೇ ಒತ್ತಿ ನೋಡಿ ಒಳ್ಳೆಯದನ್ನು ಆರಿಸುತ್ತಾರೆ. ಅದೇ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ? ರಾಶಿ ಕರಗಿದೆ, ಜನ ನುಗ್ಗಿದ್ದಾರೆ. ಆರಿಸುವುದೆಲ್ಲಿ ಬಂತು? ಕೈಗೆ ಸಿಕ್ಕಿದ್ದು ಚೀಲಕ್ಕೆ.

ಕೆರೆಯಲ್ಲೂ ಹೀಗೇ. ಗೊಬ್ಬರ ಕಡಿಮೆ ಇದ್ದಾಗ ಪಾಚಿಯೂ ಕಡಿಮೆ. ಹಗುರ ಇಂಗಾಲವನ್ನು ಆರಿಸಿ ಆರಿಸಿ ತಿನ್ನುತ್ತದೆ. ಕೊಳಚೆ ಬಂದು ಪಾಚಿ ಮಿತಿಮೀರಿದರೆ ನೀರಿನಲ್ಲಿ ಇಂಗಾಲಕ್ಕೇ ಬರ. ಆಗ ಭಾರದ್ದೂ ಹೊಟ್ಟೆಗೆ ಹೋಗುತ್ತದೆ. ಆ ಪಾಚಿ ಸತ್ತು ತಳ ಸೇರಿದಾಗ ಆ ವರ್ಷದ ಹೂಳಿನಲ್ಲಿ ಭಾರ ಇಂಗಾಲದ ಪಾಲು ಒಂದು ಕೂದಲು ಮೇಲೇರಿರುತ್ತದೆ. ಹೂಳಿನಲ್ಲಿ ಭಾರ ಹೆಚ್ಚಿದರೆ ಕೆರೆಯಲ್ಲಿ ನೂಕುನುಗ್ಗಲು ಇತ್ತು ಅಂತ ಅರ್ಥ.

ವ್ಯತ್ಯಾಸ ಎಷ್ಟು? ಸಾವಿರಕ್ಕೆ ಒಂದೆರಡು ಪಾಲಿನ ಮಾತು. ಯಾವ ತಕ್ಕಡಿಗೂ ಸಿಗದು. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಬೇಕು. ಒಣಗಿಸಿದ ಹೂಳನ್ನು ಸುಟ್ಟು ಬಂದ ಅನಿಲವನ್ನು ಅಯಸ್ಕಾಂತದ ತಿರುವಿನಲ್ಲಿ ಓಡಿಸುತ್ತಾರೆ. ಟೌನ್ ಹಾಲ್ ಮುಂದೆ ಸ್ಕೂಟರು ಗಕ್ಕನೆ ತಿರುಗುತ್ತದೆ, ಲೋಡ್ ಲಾರಿ ಅಗಲಕ್ಕೆ ತಿರುಗುತ್ತದೆ, ನೋಡಿದ್ದೀರಲ್ಲ? ಹಾಗೆ ಹಗುರದ್ದು ಒಂದು ದಾರಿ, ಭಾರದ್ದು ಒಂದು ದಾರಿ. ಯಾವ ದಾರಿಯಲ್ಲಿ ಎಷ್ಟು ಬಂತು ಎಂದು ಎಣಿಸುತ್ತಾರೆ.

ಅಂಗಡಿಯವರ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇರಬೇಕಲ್ಲ, ಈ ತೂಕಕ್ಕೂ ಒಂದು ಮುದ್ರೆ ಕಲ್ಲಿದೆ. ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿ ಸಿಕ್ಕ, ಕೋಟ್ಯಂತರ ವರ್ಷ ಹಳೆಯ ಸಮುದ್ರ ಜೀವಿಯ ಕಲ್ಲಾದ ಚಿಪ್ಪು ಅದು. ಮೂಲ ಚಿಪ್ಪು ಬಳಸಿ ಬಳಸಿ ಖರ್ಚಾಗಿ ಹೋಗಿದೆ. ಅದಕ್ಕೆ ಸರಿಹೊಂದಿಸಿದ ಬೇರೆ ಕಲ್ಲುಪುಡಿಯಿಂದ ಈಗ ಜಗತ್ತಿನ ಲೆಕ್ಕ ನಡೆಯುತ್ತಿದೆ.

ತಾರೀಖು ಹಾಕುವವರು ಯಾರು?

ಕಿರ್ದಿಗೆ ತಾರೀಖು ಇಲ್ಲದಿದ್ದರೆ ಏನು ಪ್ರಯೋಜನ? ಹೂಳಿಗೆ ತಾರೀಖು ಹಾಕುವುದು ಆಕಾಶ.

ಗಾಳಿಯಿಂದ ಸೀಸ-210 ಎಂಬ ವಿಕಿರಣ ಸೀಸ ಅತಿ ಸ್ವಲ್ಪ ಪ್ರಮಾಣದಲ್ಲಿ ಸದಾ ಉದುರುತ್ತಿರುತ್ತದೆ. ಅದು ಸುಮಾರು 22 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಮತ್ತೆ 22 ವರ್ಷಕ್ಕೆ ಕಾಲು. ಪದರದಲ್ಲಿ ಎಷ್ಟು ಉಳಿದಿದೆ ಎಂದು ನೋಡಿದರೆ ಸುಮಾರು ನೂರು ವರ್ಷದ ಹಿಂದಿನವರೆಗೂ ತಾರೀಖು ಹೇಳಬಹುದು. ಇನ್ನೊಂದು ಗುರುತು ಮನುಷ್ಯನೇ ಹಾಕಿದ್ದು. ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬ್ ಸಿಡಿಸುತ್ತಿದ್ದ ಕಾಲದ ಸೀಸಿಯಂ-137 ಧೂಳು ಲೋಕದ ಕೆರೆಗಳಲ್ಲೆಲ್ಲ ಬಿದ್ದಿದೆ. 1963ರ ಸುಮಾರಿಗೆ ಅದು ತಾರಕಕ್ಕೇರಿತ್ತು. ಆ ವರ್ಷ ಒಪ್ಪಂದವಾಗಿ ಬಯಲು ಪರೀಕ್ಷೆಗಳು ಬಹುಪಾಲು ನಿಂತ ಮೇಲೆ ಇಳಿಯಿತು. ಸೀಸಿಯಂ ಹೆಚ್ಚಿರುವ ಪದರ ಸಿಕ್ಕಿತೋ, ಅದು 1963ರ ಪುಟ!

ನದಿಗೆ ಬೆಂಕಿ ಬಿದ್ದ ಊರು

ಇಷ್ಟೆಲ್ಲ ಮಾಡಿ ಯಾರಾದರೂ ಏನಾದರೂ ಕಂಡುಹಿಡಿದಿದ್ದಾರಾ? ಹಿಡಿದಿದ್ದಾರೆ. ಅಮೆರಿಕ-ಕೆನಡಾ ಗಡಿಯಲ್ಲಿ ಈರಿ ಎಂಬ ಸರೋವರವಿದೆ. ಸಮುದ್ರದಂಥ ಕೆರೆ. 1960ರ ದಶಕದಲ್ಲಿ ಅದು ಪಾಚಿಯಿಂದ ಗಬ್ಬೆದ್ದು "ಸತ್ತ ಸರೋವರ" ಎಂದೇ ಪತ್ರಿಕೆಗಳಲ್ಲಿ ಹೆಸರು ಪಡೆದಿತ್ತು. ಅದಕ್ಕೆ ಸೇರುವ ಕಾಯಹೋಗ ನದಿಗೆ ಕ್ಲೀವ್‌ಲ್ಯಾಂಡ್ ನಗರದಲ್ಲಿ 1969ರ ಜೂನ್ 22ರಂದು ಬೆಂಕಿಯೇ ಬಿತ್ತು. ನೀರಿಗೆ ಬೆಂಕಿ!

ಸರ್ಕಾರಗಳು ಎಚ್ಚೆತ್ತವು. 1972ರಲ್ಲಿ ಎರಡೂ ದೇಶ ಸೇರಿ ಒಪ್ಪಂದ ಮಾಡಿಕೊಂಡವು. ಕೊಳಚೆ ಶುದ್ಧೀಕರಣಕ್ಕೆ ಹಣ ಸುರಿದರು. ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಕಡಿಮೆ ಮಾಡಿಸಿದರು. ಕಂಪನಿಯವರು ಕೂಗಾಡಿದರು. ಆದರೂ ಮಾಡಿಸಿದರು.

ಫಲ ಸಿಕ್ಕಿತಾ? ಕ್ಲೇರ್ ಶೆಲ್ಸ್ಕಿ ಮತ್ತು ಡೇವಿಡ್ ಹೋಡೆಲ್ ಎಂಬ ಇಬ್ಬರು ವಿಜ್ಞಾನಿಗಳು ಸರೋವರದ ತಳಕ್ಕೆ ಕೊಳವೆ ಇಳಿಸಿ ಹೂಳೆತ್ತಿದರು. ಚೂರು ಚೂರು ಕೊಯ್ದು ಭಾರ ಇಂಗಾಲವನ್ನು ಅಳೆದರು. 1991ರಲ್ಲಿ ಪಕ್ಕದ ಒಂಟಾರಿಯೊ ಸರೋವರದ ಲೆಕ್ಕ, 1995ರಲ್ಲಿ ಈರಿಯ ಲೆಕ್ಕ ಪ್ರಕಟಿಸಿದರು. ರಂಜಕ ಹೆಚ್ಚಾದ ಕಾಲಕ್ಕೆ ಹೂಳಿನಲ್ಲಿ ಭಾರ ಇಂಗಾಲ ಏರುತ್ತಾ ಬಂದಿತ್ತು. ರಂಜಕಕ್ಕೆ ಕಡಿವಾಣ ಬಿದ್ದ ಮೇಲೆ ಗೆರೆ ಕೆಳಗೆ ತಿರುಗಿತ್ತು. ಸರ್ಕಾರದ ವರದಿ ಹೊಗಳಿಕೊಳ್ಳಬಹುದು, ಕೆಸರು ಹೊಗಳಿಕೊಳ್ಳುವುದಿಲ್ಲ. ಕೆಸರೇ ಸಾಕ್ಷಿ ಹೇಳಿತು.

ಆದರೆ ಎಚ್ಚರ ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ. 1990ರ ದಶಕದ ನಡುವಿನಿಂದ ಹೊಲಗಳ ಗೊಬ್ಬರ ಹರಿದು ಈರಿಯಲ್ಲಿ ಮತ್ತೆ ಪಾಚಿ ಎದ್ದಿತು. 2014ರ ಆಗಸ್ಟಿನಲ್ಲಿ ಟೊಲೆಡೊ ನಗರದ ಲಕ್ಷಗಟ್ಟಲೆ ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಯಿತು.

ನಮ್ಮೂರಲ್ಲೂ ಅದೇ ಬೆಂಕಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್.ಎ.ಎಲ್.ಗೆ ರಿಪೇರಿಗೆ ಬಂದ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೇ ಇಳಿಯುತ್ತಿದ್ದವು. ಅದೇ ಕೆರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಬಿತ್ತು. 2017ರ ಫೆಬ್ರವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಿ ಮತ್ತೊಮ್ಮೆ. ಆ ಸಲ ಆರಿಸಲು ಸಾವಿರಾರು ಸೈನಿಕರು ಇಳಿಯಬೇಕಾಯಿತು. ಹುಲ್ಲಿಗೆ ಬಿದ್ದ ಬೆಂಕಿಯೋ, ಕಸಕ್ಕೋ, ಮೀಥೇನ್ ಅನಿಲಕ್ಕೋ ಎಂದು ಚರ್ಚೆಯಾಯಿತು. ಮಳೆ ಬಂದಾಗ ವರ್ತೂರಿನ ನೊರೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿದದ್ದನ್ನು ಆ ರಸ್ತೆಯ ಬಸ್ ಪ್ರಯಾಣಿಕರು ಮರೆತಿಲ್ಲ.

ನಮ್ಮ ಕೆರೆಗಳ ಕಿರ್ದಿ ತೆರೆದವರು ಇದ್ದಾರೆ. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ವರ್ತೂರು ಕೆರೆಯ ಹೂಳಿನಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಪ್ರಮಾಣದ ಬಗ್ಗೆ 2011ರಲ್ಲಿ ಲೇಖನ ಪ್ರಕಟಿಸಿದರು. ಈ ಪ್ರಮಾಣ ಕಡಿಮೆ ಇದ್ದರೆ ಪಾಚಿಯ ಗುರುತು. ಇಪ್ಪತ್ತು ದಾಟಿದರೆ ನೆಲದ ಮೇಲಿನ ಗಿಡಮರದ ಗುರುತು.

ಮುದ್ದೆಯ ಲೆಕ್ಕ ಬೇರೆ, ಅನ್ನದ ಲೆಕ್ಕ ಬೇರೆ

ಹಾಗಂತ ಈರಿಯಲ್ಲಿ ಓದಿದ ಹಾಗೆ ಬೆಳ್ಳಂದೂರಿನಲ್ಲಿ ಸಲೀಸಾಗಿ ಓದಲಾಗದು. ತೊಡಕು ಮೂರು.

ಮೊದಲನೆಯದು ಊಟದ ತೊಡಕು. ಕೊಳಚೆ ತನ್ನದೇ ಇಂಗಾಲ ಹೊತ್ತು ತರುತ್ತದೆ. ಭತ್ತದ ಗಿಡ ಹಗುರ ಇಂಗಾಲವನ್ನು ಚೆನ್ನಾಗಿ ಆರಿಸುತ್ತದೆ. ರಾಗಿ, ಜೋಳ, ಕಬ್ಬು ಬೇರೆ ಜಾತಿಯ ಅಡುಗೆಯವು, ಭಾರದ್ದನ್ನೂ ಬಿಡುವುದಿಲ್ಲ. ಅನ್ನಕ್ಕೂ ಮುದ್ದೆಗೂ ಯಂತ್ರದಲ್ಲಿ ಸಾವಿರಕ್ಕೆ ಸುಮಾರು 14 ಪಾಲಿನಷ್ಟು ವ್ಯತ್ಯಾಸ! ಊರು ಮುದ್ದೆ ಬಿಟ್ಟು ಅನ್ನಕ್ಕೆ ತಿರುಗಿದರೂ, ಅನ್ನ ಬಿಟ್ಟು ಸಕ್ಕರೆ ಹೆಚ್ಚು ತಿಂದರೂ ಕೆರೆಯ ಲೆಕ್ಕ ಅಲುಗಾಡಬಹುದು. ಪಾಚಿಯಿಂದ ಬಂದದ್ದೆಷ್ಟು, ತಟ್ಟೆಯಿಂದ ಬಂದದ್ದೆಷ್ಟು ಬೇರ್ಪಡಿಸಬೇಕು.

ಎರಡನೆಯದು ಹೊಗೆಯ ತೊಡಕು. ಕಲ್ಲಿದ್ದಲು, ಪೆಟ್ರೋಲು ಹಳೆಯ ಕಾಲದ ಗಿಡ-ಪಾಚಿಗಳಿಂದಲೇ ಆದದ್ದು, ಅದರಲ್ಲಿ ಹಗುರ ಇಂಗಾಲವೇ ಹೆಚ್ಚು. ಅದನ್ನು ಸುಟ್ಟು ಸುಟ್ಟು ಗಾಳಿಯ ಇಂಗಾಲವೇ ವರ್ಷದಿಂದ ವರ್ಷಕ್ಕೆ ಹಗುರವಾಗಿದೆ. ಆ ವ್ಯತ್ಯಾಸವನ್ನು ಹೂಳಿನ ಲೆಕ್ಕದಲ್ಲಿ ಸರಿದೂಗಿಸಬೇಕು.

ಮೂರನೆಯದೇ ದೊಡ್ಡದು. ನಮ್ಮ ಕೆರೆಗಳ ಪುಟ ಹರಿದಿವೆ. ಅವು ಮನುಷ್ಯ ಕಟ್ಟಿದ, ಆಳವಿಲ್ಲದ ಕೆರೆಗಳು. ಬೇಸಿಗೆಯಲ್ಲಿ ಒಣಗುತ್ತಿದ್ದವು, ದನ ತುಳಿಯುತ್ತಿದ್ದವು, ರೈತರು ಗೋಡುಮಣ್ಣು ಹೊಲಕ್ಕೆ ಹೊಡೆಯುತ್ತಿದ್ದರು, ಇಟ್ಟಿಗೆಯವರು ಅಗೆಯುತ್ತಿದ್ದರು. ಪದರಗಳು ಕಲಸಿ ಹೋಗಿರುವ ಕಡೆ ತಾರೀಖು ಹೇಳುವುದು ಕಷ್ಟ.

ಅದಕ್ಕೇ ಒಂದೇ ಸಾಕ್ಷಿಯನ್ನು ನಂಬುವಂತಿಲ್ಲ. ಕೋರ್ಟಿನಲ್ಲಿ ಹೇಗೋ ಇಲ್ಲೂ ಹಾಗೆ. ಮಲಮೂತ್ರದ ಸಾರಜನಕದಲ್ಲಿ ಭಾರದ ಪಾಲು ಹೆಚ್ಚಿರುತ್ತದೆ, ಅದು ಎರಡನೇ ಸಾಕ್ಷಿ. ಹೂಳಿನಲ್ಲಿ ಕೂತ ರಂಜಕ ಮೂರನೆಯದು. ಗಾಜಿನ ಚಿಪ್ಪು ತೊಟ್ಟ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ನಾಲ್ಕನೆಯದು. ತಿಳಿನೀರಿನ ಜಾತಿ ಬೇರೆ, ಕೊಳಕು ನೀರಿನ ಜಾತಿ ಬೇರೆ. ನಾಲ್ವರೂ ಒಂದೇ ಮಾತು ಹೇಳಿದರೆ ಆಗ ತೀರ್ಪು.

ಲಾರಿ ಹತ್ತುತ್ತಿರುವ ಸಾಕ್ಷಿ

ಇದೆಲ್ಲ ವಿಜ್ಞಾನಿಗಳ ಗೊಡವೆ, ಅಂಗಡಿಯವರಿಗೇನು ಎಂದು ಕೇಳಬಹುದು. ಗೊಡವೆ ಇದೆ.

ಬೆಂಕಿ, ನೊರೆಯ ಗಲಾಟೆ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸ ಶುರುವಾಯಿತು. ಹೂಳು ಎತ್ತಲೇಬೇಕು. ಅದರಲ್ಲಿ ಕೂತ ರಂಜಕ ಮತ್ತೆ ನೀರಿಗೆ ಬಿಡುತ್ತಲೇ ಇರುತ್ತದೆ. ಅದನ್ನು ತೆಗೆಯದೆ ಹೊಸ ಕೊಳಚೆ ತಡೆದರೂ ಹಳೆಯ ಸಾಲ ಬಡ್ಡಿ ಕೇಳುತ್ತದೆ. ಎತ್ತಬೇಡಿ ಎಂದು ಯಾರೂ ಹೇಳುವುದಿಲ್ಲ.

ಆದರೆ ಜೆ.ಸಿ.ಬಿ. ಎತ್ತುವುದು ಬರೀ ಮಣ್ಣನ್ನಲ್ಲ, ಕಿರ್ದಿ ಪುಸ್ತಕವನ್ನೂ ಎತ್ತುತ್ತದೆ. ಲಾರಿಗೆ ಸುರಿದ ಮೇಲೆ 1974ರ ಪುಟವೂ 2004ರ ಪುಟವೂ ಒಂದೇ ಗುಡ್ಡೆ. ಆಮೇಲೆ ಕೆರೆ ಕೆಡಿಸಿದ್ದು ಕಾರ್ಖಾನೆಯೋ, ಹೊಸ ಬಡಾವಣೆಯೋ, ಪೇಟೆಯ ಕೊಳಚೆಯೋ ಎಂದು ಒಬ್ಬರ ಮೇಲೊಬ್ಬರು ಹಾಕುತ್ತಾ ಕೂರಬಹುದು. ಲೆಕ್ಕ ಕೇಳುವವರ ಕೈಯಲ್ಲಿ ಪುಸ್ತಕವೇ ಇರುವುದಿಲ್ಲ.

ಖರ್ಚು ದೊಡ್ಡದಲ್ಲ. ಯಾವುದೇ ಕೆರೆಯ ಹೂಳಿಗೆ ಕೈಹಾಕುವ ಮುಂಚೆ, ಹೆಚ್ಚು ಕದಡದ ಆಳದ ಜಾಗದಲ್ಲಿ ನಾಲ್ಕಾರು ಕೊಳವೆ ಇಳಿಸಿ ಇಡೀ ಹೂಳಿನ ಕಂಬವನ್ನು ಎತ್ತಿ, ತಾರೀಖು, ಜಾಗ ಬರೆದು ತಣ್ಣನೆಯ ಕೋಣೆಯಲ್ಲಿಡಬೇಕು. ಇಂದು ಓದಲು ಹಣವಿಲ್ಲದಿದ್ದರೆ ಹತ್ತು ವರ್ಷದ ಮೇಲೆ ಓದಲಿ. ಕೆಂಪಾಂಬುಧಿಗೂ ಇದೇ ಮಾತು. ಹೂಳೆತ್ತುವ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಅಂಗಡಿಯವರ, ಮನೆಯವರ ಪಾಲೂ ಇದೆ. ಬಾಡಿದ ಹೂವು, ಕೊಳೆತ ಸೊಪ್ಪು ಗೊಬ್ಬರದ ಗುಂಡಿಗೆ ಹೋದರೆ ಹೊಲಕ್ಕೆ ಲಾಭ, ಚರಂಡಿಗೆ ಹೋದರೆ ಕೆರೆಗೆ ಶಾಪ. ಸೋಪಿನ ಪುಡಿ ಪ್ಯಾಕೆಟ್ಟಿನ ಮೇಲೆ ಫಾಸ್ಫೇಟ್ ಇಲ್ಲ ಎಂದು ಬರೆದಿದೆಯಾ ಎಂದು ಗಿರಾಕಿ ಒಂದು ಸಲ ಕೇಳಿದರೆ, ಎರಡನೇ ಸಲಕ್ಕೆ ಅಂಗಡಿಯವನೂ ಕಂಪನಿಯನ್ನು ಕೇಳುತ್ತಾನೆ. ಹೂವಿನದಕ್ಕಿಂತ, ಸೋಪಿನದಕ್ಕಿಂತ ದೊಡ್ಡ ಪಾಲು ಶುದ್ಧವಾಗದ ಕೊಳಚೆಯದು ಎಂಬುದೂ ನಿಜ. ಅದರ ಹೊಣೆ ಕಂದಾಯ ವಸೂಲಿ ಮಾಡುವವರದು.

ಸಿದ್ದಿಕಟ್ಟೆಯನ್ನು ಇನ್ನು ಯಾರೂ ಓದಲಾರರು. ಅದರ ಮೇಲೆ 1928ರಿಂದ ವ್ಯಾಪಾರ ನಡೆದಿದೆ. ಉಳಿದ ಕೆರೆಗಳ ಕಿರ್ದಿಯಾದರೂ ಗುಜರಿಗೆ ಹೋಗುವ ಮುಂಚೆ ಸಂಬಂಧಪಟ್ಟವರು ಒಂದು ಪ್ರತಿ ಎತ್ತಿಡುವರೇ?